ಅಂತರ್ಜಾಲದ ಶ್ಯಾನುಭೋಗ: ಜಾನ್ ಪೋಸ್ಟೆಲ್

ನಿಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಾಗಲಿ, ಮನೆಯಲ್ಲಾಗಲಿ ಯಾವುದಾದರೂ ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್ ತೆರೆದು ನೋಡಿ. ಅಲ್ಲಿ ನಾಲ್ಕು ಸಾಲುಗಳು ಕಾಣುತ್ತವೆ. ಐಪಿ ಅಡ್ರೆಸ್, ಸಬ್‌ನೆಟ್ ಮಾಸ್ಕ್, ಡೀಫಾಲ್ಟ್ ಗೇಟ್‌ವೇ, ಡಿಎನ್‌ಎಸ್ ಸರ್ವರ್. ಇವನ್ನು ಸರಿಯಾಗಿ ತುಂಬಿದರೆ ಯಂತ್ರ ಜಗತ್ತಿನೊಡನೆ ಮಾತನಾಡುತ್ತದೆ. ಒಂದು ಅಂಕಿ ತಪ್ಪಿದರೂ ಮೂಕವಾಗಿ ಕುಳಿತುಬಿಡುತ್ತದೆ. ಈ ನಾಲ್ಕು ಸಾಲುಗಳಲ್ಲಿ ಒಬ್ಬನೇ ಮನುಷ್ಯನ ಕೈಬರಹ ಅಡಗಿದೆ ಎಂದರೆ ನೀವು ನಂಬುವುದು ಕಷ್ಟ. ಆ ಮನುಷ್ಯನ ಹೆಸರು ಜಾನ್ ಪೋಸ್ಟೆಲ್. ಅವರು ಕಂಪನಿ ಕಟ್ಟಲಿಲ್ಲ, ಕೋಟಿಗಟ್ಟಲೆ ಹಣ ಮಾಡಲಿಲ್ಲ. ಬಿಲ್ ಗೇಟ್ಸ್ ಹೆಸರು ಗೊತ್ತಿರುವ ನೂರು ಮಂದಿಯಲ್ಲಿ ಒಬ್ಬರಿಗೂ ಇವರ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಕಂಪ್ಯೂಟರ್ ಜಾಲಗಳ ವಿಷಯ ಓದುವವರಿಗೆ ಇವರು ಬಹಳ ದೊಡ್ಡವರು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಶ್ಯಾನುಭೋಗರಿದ್ದರು. ಯಾವ ಸರ್ವೆ ನಂಬರಿನ ಜಮೀನು ಯಾರದು, ಗಡಿ ಎಲ್ಲಿ ಎಂಬುದೆಲ್ಲ ಅವರ ಕಡತದಲ್ಲಿರುತ್ತಿತ್ತು. ಊರಿನ ಒಡೆತನ ಅವರದಲ್ಲ, ಆದರೆ ಅವರ ಲೆಕ್ಕವಿಲ್ಲದೆ ಊರು ನಡೆಯುತ್ತಿರಲಿಲ್ಲ. ಅಂತರ್ಜಾಲವೆಂಬ ಊರಿಗೆ ಸುಮಾರು ಮೂರು ದಶಕಗಳ ಕಾಲ ಪೋಸ್ಟೆಲ್ ಅವರೇ ಶ್ಯಾನುಭೋಗರು.

ಅವರು ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಲ್ಟಡೀನಾ ಎಂಬಲ್ಲಿ. ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಅಂತರ್ಜಾಲದ ಜನಕರೆನಿಸಿದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯ ವಿದ್ಯಾರ್ಥಿಗಳು. ಆದರೆ ಮೂವರ ಸ್ನೇಹ ಗಟ್ಟಿಯಾದದ್ದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ. ಪೋಸ್ಟೆಲ್ ಅಲ್ಲಿ 1966ರಲ್ಲಿ ಎಂಜಿನಿಯರಿಂಗ್ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ, 1974ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದರು.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನವಿಟ್ಟು ನೋಡಬೇಕು. ಆ ಕಾಲದ ಕಂಪ್ಯೂಟರ್‌ಗಳು ಒಂದೊಂದೂ ಒಂದೊಂದು ಜಾತಿ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಆರ್ಪಾ ಇವನ್ನೆಲ್ಲ ಜೋಡಿಸಲು ಹೊರಟಾಗ, ಪ್ರತಿಯೊಂದು ದೊಡ್ಡ ಯಂತ್ರದೊಳಗೂ ಜಾಲದ ಕೆಲಸವನ್ನು ತುರುಕಬೇಕೇ ಎಂಬ ಪ್ರಶ್ನೆ ಬಂತು. ವೆಸ್ಲಿ ಕ್ಲಾರ್ಕ್ ಎಂಬ ತಜ್ಞರು 1967ರಲ್ಲಿ ಒಂದು ಸರಳ ಸಲಹೆ ಕೊಟ್ಟರು. ದೊಡ್ಡ ಯಂತ್ರದ ಮುಂದೆ ಒಂದು ಸಣ್ಣ ಕಂಪ್ಯೂಟರ್ ಇಡೋಣ. ಜಾಲದ ವ್ಯವಹಾರವೆಲ್ಲ ಆ ಸಣ್ಣದು ನೋಡಿಕೊಳ್ಳಲಿ. ಅಂದರೆ ಒಂದು ಯಂತ್ರದ ಪರವಾಗಿ ಇನ್ನೊಂದು ಯಂತ್ರ ಬಾಗಿಲಲ್ಲಿ ನಿಲ್ಲುವುದು. ಹೀಗೆ ಹುಟ್ಟಿದ ಸಣ್ಣ ಯಂತ್ರವನ್ನು ಇಂಪ್ ಎಂದು ಕರೆದರು. ಸಣ್ಣದು ಎಂದದ್ದು ಹೋಲಿಕೆಗೆ ಮಾತ್ರ, ಅದು ಒಂದು ಕಪಾಟಿನಷ್ಟು ದೊಡ್ಡದಿತ್ತು. ಮೊದಲ ಇಂಪ್ 1969ರ ಆಗಸ್ಟ್ ಕೊನೆಯಲ್ಲಿ ಪೋಸ್ಟೆಲ್ ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾನಿಲಯಕ್ಕೇ ಬಂತು. ಅದೇ ವರ್ಷ ಅಕ್ಟೋಬರ್ 29ರ ರಾತ್ರಿ ಅಲ್ಲಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ಲಾಗಿನ್ ಎಂಬ ಪದದ ಎರಡಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕೈಕೊಟ್ಟಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಪ್ರಯತ್ನಿಸಿದಾಗ ಸಂಪರ್ಕ ಕೂಡಿಬಂತು.

ಈ ಜಾಲದ ನಿಯಮಗಳನ್ನು ಬರೆಯುವ ಹೊಣೆ ಬಿದ್ದದ್ದು ದೊಡ್ಡ ಪ್ರಾಧ್ಯಾಪಕರ ಮೇಲಲ್ಲ, ಇಪ್ಪತ್ತೈದರ ಆಸುಪಾಸಿನ ವಿದ್ಯಾರ್ಥಿಗಳ ಮೇಲೆ. ತಾವು ಬರೆದದ್ದನ್ನು ಆಜ್ಞೆ ಎಂದು ಕರೆಯಲು ಅವರಿಗೆ ಸಂಕೋಚ. ಅದಕ್ಕಾಗಿ ಸ್ಟೀವ್ ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಬರೆದ ಮೊದಲ ಟಿಪ್ಪಣಿಗೆ, ಅಭಿಪ್ರಾಯ ಕೇಳುವ ಕೋರಿಕೆ ಎಂಬರ್ಥದ ಆರ್‌ಎಫ್‌ಸಿ ಎಂಬ ಹೆಸರಿಟ್ಟರು. ಆ ಟಿಪ್ಪಣಿಗಳ ಮಾಲೆಗೆ ಸಂಪಾದಕರಾದವರು ಪೋಸ್ಟೆಲ್. ಯಾರು ಕಳುಹಿಸಿದರೂ ಓದಿ, ತಿದ್ದಿ, ಸಂಖ್ಯೆ ಕೊಟ್ಟು, ಎಲ್ಲರಿಗೂ ಸಿಗುವಂತೆ ಇಡುವುದು ಅವರ ಕೆಲಸ. ಸಾಯುವವರೆಗೂ ಆ ಕೆಲಸ ಬಿಡಲಿಲ್ಲ. ಈ ದಾಖಲೆಗಳು ಅಂದೂ ಉಚಿತ, ಇಂದೂ ಉಚಿತ. ಇದೇ ಕಾಲದಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ತನ್ನದೇ ಜಾಲನಿಯಮಗಳನ್ನು ಸಿದ್ಧಪಡಿಸುತ್ತಿತ್ತು. ಅವುಗಳ ಪ್ರತಿಗೆ ಹಣ ಕೊಡಬೇಕಿತ್ತು. ಸರಕಾರಗಳ ಬೆಂಬಲವಿದ್ದರೂ ಆ ನಿಯಮಗಳು ಹಿಂದೆ ಬಿದ್ದು, ಪೋಸ್ಟೆಲ್ ಗುಂಪಿನದು ಗೆದ್ದಿತು. ಗೆಲುವಿಗೆ ಕಾರಣಗಳು ಹಲವು. ಬಡ ವಿದ್ಯಾರ್ಥಿಯೂ ದುಡ್ಡಿಲ್ಲದೆ ಓದಬಹುದಾಗಿತ್ತು ಎಂಬುದು ಅವುಗಳಲ್ಲಿ ಸಣ್ಣದಲ್ಲ ಎಂದೇ ನಾನು ತಿಳಿದಿದ್ದೇನೆ.

1972ರ ಮೇ ತಿಂಗಳಲ್ಲಿ ಅವರು ಇನ್ನೊಂದು ಹೊಣೆಯನ್ನು ತಾವಾಗಿಯೇ ಕೇಳಿ ಪಡೆದರು. ಜಾಲದಲ್ಲಿ ಯಾವ ಸೇವೆಗೆ ಯಾವ ಸಂಖ್ಯೆ ಎಂಬುದನ್ನು ಒಬ್ಬರು ನಿರ್ಧರಿಸದಿದ್ದರೆ ಗೊಂದಲವಾಗುತ್ತದೆ. ಆ ಒಬ್ಬ ನಾನಾಗಲೇ ಎಂದು ಅರ್ಧ ತಮಾಷೆಯಾಗಿ ಒಂದು ಆರ್‌ಎಫ್‌ಸಿಯಲ್ಲಿ ಬರೆದರು. ಯಾರೂ ಬೇಡವೆನ್ನಲಿಲ್ಲ. ಆಗ ಶುರುವಾದ ಪಟ್ಟಿಯೇ ಮುಂದೆ ಐಯಾನಾ ಎಂಬ ಸಂಸ್ಥೆಯಾಯಿತು. ಇಮೇಲ್‌ಗೆ 25, ಹೆಸರು ಹುಡುಕುವ ಸೇವೆಗೆ 53, ವೆಬ್ ಪುಟಕ್ಕೆ 80 ಎಂಬ ಪೋರ್ಟ್ ಸಂಖ್ಯೆಗಳನ್ನು ಪರೀಕ್ಷೆಗಾಗಿ ನೀವು ಬಾಯಿಪಾಠ ಮಾಡುತ್ತೀರಲ್ಲ, ಅವೆಲ್ಲ ಆ ಪಟ್ಟಿಯಲ್ಲಿ ದಾಖಲಾದವು. 1977ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಇನ್‌ಫರ್ಮೇಶನ್ ಸೈನ್ಸಸ್ ಇನ್‌ಸ್ಟಿಟ್ಯೂಟ್ ಸೇರಿದರು. ಉಳಿದ ಆಯುಷ್ಯವೆಲ್ಲ ಅಲ್ಲಿಯೇ ಕಳೆಯಿತು. ಲೆಕ್ಕದ ಕೆಲಸದಲ್ಲಿ ಜಾಯ್ಸ್ ರೆನಾಲ್ಡ್ಸ್ ಎಂಬ ಮಹಿಳೆ ವರ್ಷಗಟ್ಟಲೆ ಅವರಿಗೆ ಜೊತೆಯಾಗಿದ್ದರು. ಅಂದಹಾಗೆ, ಬೇಡದ ಇಮೇಲ್‌ಗಳ ಕಾಟ ಮುಂದೊಂದು ದಿನ ಬರಲಿದೆ ಎಂದು ಪೋಸ್ಟೆಲ್ 1975ರಲ್ಲಿಯೇ ಒಂದು ಪುಟದ ಟಿಪ್ಪಣಿ ಬರೆದಿಟ್ಟಿದ್ದರು.

ಈಗ ಗೇಟ್‌ವೇ ವಿಷಯಕ್ಕೆ ಬರೋಣ. ಅವರ ಬದುಕಿನ ಅತಿ ಮುಖ್ಯ ವಾದ ಇದ್ದದ್ದು ಇಲ್ಲಿಯೇ.

1970ರ ದಶಕದ ನಡುವೆ ಆರ್ಪಾ ಬಳಿ ಒಂದಲ್ಲ, ಮೂರು ಜಾಲಗಳಿದ್ದವು. ತಂತಿಯ ಮೇಲಿನ ಆರ್ಪಾನೆಟ್, ಗಾಳಿಯ ಅಲೆಗಳ ಮೇಲಿನ ರೇಡಿಯೋ ಜಾಲ, ಅಟ್ಲಾಂಟಿಕ್ ಸಾಗರದಾಚೆಗೆ ಹೋಗುವ ಉಪಗ್ರಹ ಜಾಲ. ಮೂರರ ವೇಗ, ಪೊಟ್ಟಣದ ಗಾತ್ರ, ವರ್ತನೆ ಎಲ್ಲ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟಿಸಲು ಎರಡರ ನಡುವೆ ಒಂದು ಕಂಪ್ಯೂಟರ್ ಇಟ್ಟರು. ಅದರ ಒಂದು ಕಾಲು ಈ ಜಾಲದಲ್ಲಿ, ಇನ್ನೊಂದು ಕಾಲು ಆ ಜಾಲದಲ್ಲಿ. ಹೊಳೆಯ ಕಡವಿನಲ್ಲಿ ದೋಣಿಯವನು ಎರಡೂ ದಡ ಬಲ್ಲವನಾಗಿರುವಂತೆ. ಇದಕ್ಕೇ ಗೇಟ್‌ವೇ ಎಂದು ಹೆಸರು. 1977ರ ನವೆಂಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ರಸ್ತೆಯಲ್ಲಿ ಚಲಿಸುತ್ತಿದ್ದ ಒಂದು ವ್ಯಾನಿನಿಂದ ಹೊರಟ ಮಾಹಿತಿ ರೇಡಿಯೋ ಜಾಲ, ಆರ್ಪಾನೆಟ್, ಉಪಗ್ರಹ ಜಾಲಗಳನ್ನು ದಾಟಿ ಲಂಡನ್‌ಗೆ ಹೋಗಿ, ಮರಳಿ ಲಾಸ್ ಏಂಜಲೀಸ್ ಬಳಿಯ ಪೋಸ್ಟೆಲ್ ಅವರ ಸಂಸ್ಥೆಗೆ ಬಂದು ತಲುಪಿತು.

ಆದರೆ ಆಗ ಟಿಸಿಪಿ ಎಂಬ ಒಂದೇ ನಿಯಮ ಎಲ್ಲ ಕೆಲಸವನ್ನೂ ಹೊತ್ತಿತ್ತು. ಪೊಟ್ಟಣ ಎಲ್ಲಿಗೆ ಹೋಗಬೇಕು ಎಂಬ ವಿಳಾಸವೂ ಅದರಲ್ಲೇ, ಪೊಟ್ಟಣ ಕಳೆದುಹೋದರೆ ಮತ್ತೆ ಕಳುಹಿಸುವ ಜವಾಬ್ದಾರಿಯೂ ಅದರಲ್ಲೇ. 1977ರ ಆಗಸ್ಟ್‌ನಲ್ಲಿ ಪೋಸ್ಟೆಲ್ ಒಂದು ಟಿಪ್ಪಣಿಯಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಸ್ವಭಾವತಃ ಮೃದುವಾದ ಮನುಷ್ಯ. ಆದರೂ ನಾವು ಕೆಲಸ ಕೆಡಿಸುತ್ತಿದ್ದೇವೆ ಎಂದು ಗೆಳೆಯರಿಗೇ ನೇರವಾಗಿ ಹೇಳಿದರು. ಅವರ ವಾದ ಇಷ್ಟು. ದಾರಿಯಲ್ಲಿರುವ ಗೇಟ್‌ವೇಗೆ ವಿಳಾಸ ಮಾತ್ರ ತಿಳಿದರೆ ಸಾಕು. ಒಳಗಿನ ಪತ್ರ ಪೂರ್ಣವಾಗಿ ತಲುಪಿತೇ, ಹಾಳೆಗಳು ಕ್ರಮವಾಗಿವೆಯೇ ಎಂಬುದು ಎರಡು ತುದಿಯ ಯಂತ್ರಗಳ ಚಿಂತೆ. ಅಂಚೆಯಣ್ಣ ಲಕೋಟೆಯ ಮೇಲಿನ ವಿಳಾಸ ಓದುತ್ತಾನೆಯೇ ಹೊರತು ಒಳಗಿನ ಕಾಗದ ಓದುವುದಿಲ್ಲವಲ್ಲ. ಆದ್ದರಿಂದ ವಿಳಾಸದ ಕೆಲಸವನ್ನು ಬೇರೆ ಮಾಡಿ. 1978ರ ಆರಂಭದಲ್ಲಿ ವಿಂಟ್ ಸರ್ಫ್, ಡ್ಯಾನಿ ಕೋಹೆನ್ ಮೊದಲಾದವರೊಡನೆ ಕೂತು ಚರ್ಚಿಸಿ ಒಂದನ್ನು ಎರಡು ಮಾಡಿದರು. ವಿಳಾಸ ನೋಡಿ ದಾಟಿಸುವುದು ಐಪಿ. ತುದಿಯಲ್ಲಿ ಲೆಕ್ಕ ನೋಡುವುದು ಟಿಸಿಪಿ. 1981ರ ಸೆಪ್ಟೆಂಬರ್‌ನಲ್ಲಿ 791, 792, 793 ಸಂಖ್ಯೆಯ ಆರ್‌ಎಫ್‌ಸಿಗಳಾಗಿ ಇವು ಅಂತಿಮ ರೂಪ ಪಡೆದವು. ಮೂರಕ್ಕೂ ಸಂಪಾದಕರು ಪೋಸ್ಟೆಲ್.

ಈ ವಾದದಲ್ಲಿ ಅವರು ಸೋತಿದ್ದರೆ ಏನಾಗುತ್ತಿತ್ತು? ಪ್ರತಿ ಗೇಟ್‌ವೇ ತನ್ನ ಮೂಲಕ ಹಾದುಹೋಗುವ ಪ್ರತಿಯೊಂದು ಸಂಭಾಷಣೆಯ ನೆನಪಿಟ್ಟುಕೊಳ್ಳಬೇಕಿತ್ತು. ಅದಕ್ಕೆ ದೊಡ್ಡ, ದುಬಾರಿ ಯಂತ್ರ ಬೇಕು. ಗೇಟ್‌ವೇ ಕೆಲಸವನ್ನು ಇಷ್ಟು ಸಣ್ಣದಾಗಿ ಇಟ್ಟದ್ದರಿಂದಲೇ ಯಾವ ಹಳೆಯ ಕಂಪ್ಯೂಟರ್ ಬೇಕಾದರೂ ಇನ್ನೊಂದಕ್ಕೆ ಬಾಗಿಲಾಗಬಲ್ಲದು. ಒಂದೇ ಟೆಲಿಫೋನ್ ಲೈನ್ ಇರುವ ಹಾಸ್ಟೆಲಿನಲ್ಲಿ ಹತ್ತು ಮಕ್ಕಳು ಹತ್ತು ಯಂತ್ರಗಳಲ್ಲಿ ಕೂತು ಓದಲು ಸಾಧ್ಯವಾದದ್ದರ ಬೇರು ಆ ತೀರ್ಮಾನದಲ್ಲಿದೆ.

ಅದನ್ನು ಹೇಗೆ ಮಾಡುವುದು ಎಂದು ನೀವು ಕೇಳಿಯೇ ಕೇಳುತ್ತೀರಿ. ನಿಮ್ಮ ಬಳಿ ಎರಡು ಕಂಪ್ಯೂಟರ್ ಇವೆ ಎನ್ನೋಣ. ಮೊದಲನೆಯದಕ್ಕೆ ಇಂಟರ್‌ನೆಟ್ ಸಂಪರ್ಕವಿದೆ, ಎರಡನೆಯದಕ್ಕಿಲ್ಲ. ಮೊದಲನೆಯದರಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಇರಬೇಕು. ಒಂದು ಕಾರ್ಡ್ ಹೊರಗಿನ ಮೋಡೆಮ್‌ಗೆ, ಇನ್ನೊಂದು ಒಳಗಿನ ಯಂತ್ರಕ್ಕೆ. ಒಳಗಿನ ಕಾರ್ಡಿಗೆ 192.168.0.1 ಎಂಬ ವಿಳಾಸ, 255.255.255.0 ಎಂಬ ಮಾಸ್ಕ್ ಕೊಡಿ. ಆ ಕಾರ್ಡಿನಲ್ಲಿ ಗೇಟ್‌ವೇ ಸಾಲನ್ನು ಖಾಲಿ ಬಿಡಿ. ಅನೇಕರು ಇಲ್ಲಿಯೇ ಏನಾದರೊಂದು ಸಂಖ್ಯೆ ತುಂಬಿಬಿಡುತ್ತಾರೆ. ಆಗ ಹೊರದಾರಿ ಯಾವುದೆಂದು ಯಂತ್ರಕ್ಕೇ ಗೊಂದಲ. ಎರಡನೆಯ ಕಂಪ್ಯೂಟರ್‌ಗೆ 192.168.0.2, ಅದೇ ಮಾಸ್ಕ್, ಗೇಟ್‌ವೇ ಸಾಲಿನಲ್ಲಿ 192.168.0.1, ಡಿಎನ್‌ಎಸ್ ಸಾಲಿನಲ್ಲಿ ಇಂಟರ್‌ನೆಟ್ ಸೇವೆ ಕೊಡುವವರು ಹೇಳಿದ ಸಂಖ್ಯೆ. ನಿಮ್ಮ ಮೋಡೆಮ್ ಹೊರಗಿನ ಕಾರ್ಡಿಗೂ 192.168.0 ಎಂದು ಶುರುವಾಗುವ ವಿಳಾಸವನ್ನೇ ಕೊಡುತ್ತಿದ್ದರೆ ಒಳಗಿನದನ್ನು 192.168.5 ಎಂದೋ ಮತ್ತೇನೋ ಬದಲಿಸಿ, ಎರಡನೆಯ ಯಂತ್ರದ ಗೇಟ್‌ವೇ ಸಾಲನ್ನೂ ಅದಕ್ಕೆ ತಕ್ಕಂತೆ ತಿದ್ದಿ. ಎರಡು ದಡಕ್ಕೂ ಒಂದೇ ಹೆಸರಿದ್ದರೆ ದೋಣಿಯವನು ಎಲ್ಲಿಗೆ ಹೋಗಬೇಕು?

ಇಷ್ಟು ಮಾಡಿದರೂ ಪೊಟ್ಟಣ ದಾಟುವುದಿಲ್ಲ. ಸಾಮಾನ್ಯ ಕಂಪ್ಯೂಟರ್ ತನ್ನದಲ್ಲದ ಪೊಟ್ಟಣ ಬಂದರೆ ಎಸೆದುಬಿಡುತ್ತದೆ. ಅದನ್ನು ಎಸೆಯದೆ ಮುಂದಕ್ಕೆ ಸಾಗಿಸು ಎಂದು ಹೇಳಬೇಕು. ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಎಂಬುದನ್ನು ಸೊನ್ನೆಯಿಂದ ಒಂದಕ್ಕೆ ಬದಲಿಸಿ, ಮಾಸ್ಕರೇಡ್ ಎಂಬ ನಿಯಮವೊಂದನ್ನು ಹೊರಗಿನ ಕಾರ್ಡಿನ ಮೇಲೆ ಸೇರಿಸಬೇಕು. ಯಂತ್ರ ಆರಿಸಿ ಮತ್ತೆ ಹಚ್ಚಿದಾಗಲೂ ಇವೆರಡು ಉಳಿಯುವಂತೆ ಬರೆದಿಡಬೇಕು. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ಇಂಟರ್‌ನೆಟ್ ಕನೆಕ್ಷನ್ ಶೇರಿಂಗ್ ಎಂಬ ಸೌಲಭ್ಯ 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಿಂದ ಬಂತು. ಹೊರಗಿನ ಸಂಪರ್ಕದ ಮೇಲೆ ಗುರುತು ಹಾಕಿದರೆ ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ. ಹಳೆಯ ವಿಂಡೋಸ್ ಒಳಗಿನ ಕಾರ್ಡಿಗೆ 192.168.0.1 ಕೊಡುತ್ತಿತ್ತು, ವಿಂಡೋಸ್ 7ರಿಂದೀಚೆಗೆ 192.168.137.1 ಕೊಡುತ್ತದೆ. ಇಂದು ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಮಾಡುವುದೂ ಇದನ್ನೇ, ತಂತಿಯಿಲ್ಲ ಅಷ್ಟೆ.

ಒಳಗೆ ನಡೆಯುವುದೇನೆಂದು ನೋಡಿ. ಎರಡನೆಯ ಕಂಪ್ಯೂಟರ್ ತನ್ನ ವಿಳಾಸವನ್ನೂ ತಲುಪಬೇಕಾದ ವಿಳಾಸವನ್ನೂ ಮಾಸ್ಕ್ ಹಿಡಿದು ಹೋಲಿಸುತ್ತದೆ. ನೆರೆಮನೆಯದಾದರೆ ನೇರವಾಗಿ ಕೊಡುತ್ತದೆ. ಪರವೂರಿನದಾದರೆ ಗೇಟ್‌ವೇಗೆ ಒಪ್ಪಿಸುತ್ತದೆ. ಈ ಮಾಸ್ಕ್ ಎಂಬ ಉಪಾಯವನ್ನು ನಿಯಮವಾಗಿ ಬರೆದದ್ದು 1985ರ ಆಗಸ್ಟ್‌ನ 950ನೇ ಆರ್‌ಎಫ್‌ಸಿ. ಜೆಫ್ರಿ ಮೊಗುಲ್ ಜೊತೆಗೆ ಅದರ ಲೇಖಕರು ಪೋಸ್ಟೆಲ್. ಪೊಟ್ಟಣ ಪ್ರತಿ ಗೇಟ್‌ವೇ ದಾಟುವಾಗಲೂ ಅದರ ಆಯುಷ್ಯದ ಅಂಕಿ ಕನಿಷ್ಠ ಒಂದು ಕಡಿಮೆಯಾಗಬೇಕು, ಸೊನ್ನೆಯಾದರೆ ಅದನ್ನು ನಾಶ ಮಾಡಬೇಕು ಎಂಬುದು 791ರ ನಿಯಮ. ಇಲ್ಲದಿದ್ದರೆ ದಾರಿ ತಪ್ಪಿದ ಪೊಟ್ಟಣಗಳು ಪ್ರೇತಗಳಂತೆ ಸುತ್ತುತ್ತಲೇ ಇರುತ್ತಿದ್ದವು.

ಕೆಲಸ ಸರಿಯಾಯಿತೇ ಎಂದು ನೋಡಲು ಪಿಂಗ್ ಬಳಸುತ್ತೀರಿ. ಆ ಪ್ರೋಗ್ರಾಮ್ ಬರೆದದ್ದು 1983ರಲ್ಲಿ ಮೈಕ್ ಮ್ಯೂಸ್, ಆದರೆ ಅದು ಬಳಸುವ ಕರೆ ಮತ್ತು ಮಾರ್ದನಿಯ ಸಂದೇಶಗಳು ಪೋಸ್ಟೆಲ್ ಬರೆದ 792ರಲ್ಲಿವೆ. ಎರಡನೆಯ ಕಂಪ್ಯೂಟರ್‌ನಿಂದ ಮೊದಲು ಗೇಟ್‌ವೇಗೆ ಪಿಂಗ್ ಮಾಡಿ. ಉತ್ತರ ಬರದಿದ್ದರೆ ದೋಷ ತಂತಿಯಲ್ಲಿ ಅಥವಾ ವಿಳಾಸದಲ್ಲಿ, ಇಲ್ಲವೇ ಮೊದಲ ಯಂತ್ರದ ಫೈರ್‌ವಾಲ್ ತಡೆದಿರುತ್ತದೆ. ಬಂದರೆ ಹೊರಗಿನ ಒಂದು ಸಂಖ್ಯಾ ವಿಳಾಸಕ್ಕೆ ಮಾಡಿ. ಅದಕ್ಕೆ ಉತ್ತರವಿಲ್ಲದಿದ್ದರೆ ಫಾರ್ವರ್ಡಿಂಗ್ ಅಥವಾ ಮಾಸ್ಕರೇಡ್ ನೋಡಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ತಪ್ಪು ಡಿಎನ್‌ಎಸ್ ಸಾಲಿನಲ್ಲಿದೆ. ಈ ಕ್ರಮ ಬಿಟ್ಟು ಎಲ್ಲವನ್ನೂ ಒಟ್ಟಿಗೆ ತಿರುಚುತ್ತಾ ಹೋದರೆ ಇಡೀ ಮಧ್ಯಾಹ್ನ ಹಾಳು.

ಮರಳಿ ಪೋಸ್ಟೆಲ್ ಬದುಕಿಗೆ. ಹಳೆಯ ಎನ್‌ಸಿಪಿ ನಿಯಮದಿಂದ ಹೊಸ ಟಿಸಿಪಿ-ಐಪಿಗೆ ಇಡೀ ಆರ್ಪಾನೆಟ್ಟನ್ನು ವರ್ಗಾಯಿಸುವ ಯೋಜನೆಯನ್ನು ಅವರು 1981ರ ನವೆಂಬರ್‌ನಲ್ಲಿ ಬರೆದರು. ಗಡುವು 1983ರ ಜನವರಿ 1. ಎಲ್ಲರೂ ಒಮ್ಮೆಗೇ ಬದಲಾಗುವುದು ಸಾಧ್ಯವಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ಎರಡೂ ಭಾಷೆ ಬಲ್ಲ ಕೆಲವು ಯಂತ್ರಗಳು ನಡುವೆ ನಿಂತು, ಒಂದೇ ಭಾಷೆ ಬಲ್ಲವರ ಇಮೇಲ್ ಮತ್ತು ಫೈಲುಗಳನ್ನು ಆಚೀಚೆ ದಾಟಿಸುವ ಏರ್ಪಾಡು ಮಾಡಿದರು. ಆದರೂ ಅನೇಕರು ಉದಾಸೀನ ಮಾಡಿದರು. 1982ರ ಮಧ್ಯದಲ್ಲಿ ಒಂದು ದಿನ ಹಳೆಯ ನಿಯಮವನ್ನು ಪೂರ್ತಿ ಆರಿಸಿ ತೋರಿಸಲಾಯಿತು. ಸೋಮಾರಿಗಳ ಯಂತ್ರಗಳೆಲ್ಲ ಒಂಟಿಯಾದವು. ಕೆಲವು ತಿಂಗಳ ನಂತರ ಇನ್ನೊಮ್ಮೆ ಹೀಗೆಯೇ ಮಾಡಿದರು. ಹೊಸ ವರ್ಷದ ಹೊತ್ತಿಗೆ ಬಹುತೇಕ ಎಲ್ಲರೂ ದಾರಿಗೆ ಬಂದರು. ಈ ಬದಲಾವಣೆಯಲ್ಲಿ ಬದುಕುಳಿದವರೆಂದು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಕೂಡ ಹಂಚಿದರಂತೆ.

1984ರ ಅಕ್ಟೋಬರ್‌ನಲ್ಲಿ ಅವರು ಇನ್ನೊಂದು ಸ್ವಾರಸ್ಯದ ಟಿಪ್ಪಣಿ ಬರೆದರು. ಒಂದು ಜಾಲದ ಯಂತ್ರ ಇನ್ನೊಂದು ಜಾಲದ ಯಂತ್ರವನ್ನು ಕೂಗಿ ಕರೆದಾಗ, ನಡುವಿನ ಪೆಟ್ಟಿಗೆಯೇ ಅದರ ಪರವಾಗಿ ಓಗೊಟ್ಟು, ಬಂದದ್ದನ್ನು ಆಚೆ ತಲುಪಿಸಿದರೆ ಹೇಗೆ ಎಂಬುದು ಅದರ ವಿಷಯ. ಕರೆದವನಿಗೆ ನಡುವೆ ಒಬ್ಬನಿದ್ದಾನೆ ಎಂದೇ ತಿಳಿಯುವುದಿಲ್ಲ. ಪ್ರಾಕ್ಸಿ ಆರ್ಪ್ ಎಂದು ಇಂದು ಕರೆಯುವ ವಿಧಾನ ಇದಕ್ಕೆ ಹತ್ತಿರದ್ದು.

ನಾಲ್ಕನೆಯ ಸಾಲು ಡಿಎನ್‌ಎಸ್. ಮೊದಲು ಎಲ್ಲ ಯಂತ್ರಗಳ ಹೆಸರು ಮತ್ತು ಸಂಖ್ಯೆಗಳು ಒಂದೇ ಫೈಲಿನಲ್ಲಿದ್ದು, ಪ್ರತಿಯೊಬ್ಬರೂ ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ಅಸಾಧ್ಯವಾಯಿತು. ಪೋಸ್ಟೆಲ್ ಈ ಸಮಸ್ಯೆಯನ್ನು ತಮ್ಮ ಸಂಸ್ಥೆಯ ಪಾಲ್ ಮೊಕಪೆಟ್ರಿಸ್ ಕೈಗೆ ಕೊಟ್ಟರು. ಅವರು 1983ರಲ್ಲಿ ಡಿಎನ್‌ಎಸ್ ರೂಪಿಸಿದರು. ಮರುವರ್ಷ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಬರೆದ ಆರ್‌ಎಫ್‌ಸಿಯಲ್ಲಿ ಕಾಮ್, ಎಜು, ಗವ್, ಮಿಲ್, ಆರ್ಗ್ ಎಂಬ ಹೆಸರುಗಳೂ ದೇಶಕ್ಕೊಂದು ಎರಡಕ್ಷರದ ಹೆಸರೂ ನಿಶ್ಚಯವಾದವು. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳದಲ್ಲಿ ಪೋಸ್ಟೆಲ್ ಸಿಕ್ಕಿಬೀಳಲಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ದೇಶಗಳ ಪಟ್ಟಿಯಲ್ಲಿ ಏನಿದೆಯೋ ಅದೇ ಎಂದುಬಿಟ್ಟರು. ಇಂತಹ ಜಾಣತನ ರಾಜಕಾರಣಿಗಳಿಗೂ ಸುಲಭವಲ್ಲ. ದೇಶದ ಹೆಸರನ್ನು ನೋಡಿಕೊಳ್ಳುವವರು ಅದರ ಒಡೆಯರಲ್ಲ, ಸಮುದಾಯದ ಪರವಾಗಿ ಹೊಣೆ ಹೊತ್ತವರು. ಹಕ್ಕಿನ ಮಾತಿಗಿಂತ ಕರ್ತವ್ಯದ ಮಾತು ಆಡಬೇಕು ಎಂದು 1994ರಲ್ಲಿ ಬರೆದರು.

ನಮ್ಮ ದೇಶಕ್ಕೆ ಇನ್ ಎಂಬ ಹೆಸರು ನೋಂದಣಿಯಾದದ್ದು 1989ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಯೋಜನೆ ಶುರುವಾಗಿತ್ತು. ಅದರ ಎಂಟು ಆರಂಭಿಕ ಪಾಲುದಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ಮನುಷ್ಯ ಹೇಗಿದ್ದರು? ಎದೆಯವರೆಗೆ ಇಳಿದ ಗಡ್ಡ, ಹಿಂದೆ ಕಟ್ಟಿದ ಉದ್ದ ಕೂದಲು, ಕಾಲಿಗೆ ಚಪ್ಪಲಿ. ವಾಯುಪಡೆಯ ವಿಮಾನ ಹತ್ತಬೇಕಾದಾಗ ಮಾತ್ರ ಶೂ ಹಾಕಿಕೊಂಡರೆಂದು ಸ್ನೇಹಿತರು ಹೇಳುತ್ತಿದ್ದರು. ರಜೆ ಸಿಕ್ಕರೆ ಬೆನ್ನಿಗೆ ಚೀಲ ಹಾಕಿಕೊಂಡು ಸಿಯೆರಾ ನೆವಾಡಾ ಬೆಟ್ಟಗಳಿಗೆ ಹೋಗುತ್ತಿದ್ದರು. ಮಾತು ಕಡಿಮೆ, ಕೆಲಸ ಹೆಚ್ಚು. ಕಳುಹಿಸುವಾಗ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸು, ಬೇರೆಯವರಿಂದ ಬಂದದ್ದರಲ್ಲಿ ಸಣ್ಣಪುಟ್ಟ ತಪ್ಪಿದ್ದರೆ ಸಹಿಸಿಕೊ ಎಂಬ ತತ್ತ್ವವನ್ನು ಅವರು ಯಂತ್ರಗಳಿಗಾಗಿ ಬರೆದಿದ್ದರು; ಅದು ಇಂದಿಗೂ ಪೋಸ್ಟೆಲ್ ನಿಯಮವೆಂದೇ ಪ್ರಸಿದ್ಧ. ಈಚಿನ ವರ್ಷಗಳಲ್ಲಿ, ಹೀಗೆ ಸಹಿಸುವುದರಿಂದ ಭದ್ರತೆಯ ದೋಷಗಳು ಬೆಳೆಯುತ್ತವೆ ಎಂದು ತಜ್ಞರು ಆಕ್ಷೇಪಿಸಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಪರಸ್ಪರ ಪರಿಚಯವಿದ್ದ ಕೆಲವು ನೂರು ಯಂತ್ರಗಳ ಕಾಲಕ್ಕೆ ಬರೆದದ್ದು.

ಅವರ ಲೆಕ್ಕದಲ್ಲಿಯೂ ದೋಷವಿರಲಿಲ್ಲವೆಂದಲ್ಲ. ಐಪಿ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. ಅಂದಿಗೆ ಅದು ಸಾಗರ. ಕೇಳಿದವರಿಗೆ ಧಾರಾಳವಾಗಿ ಕೊಡಲಾಯಿತು. 17ರಿಂದ ಶುರುವಾಗುವ ವಿಳಾಸಗಳೆಲ್ಲ ಆಪಲ್ ಕಂಪನಿಗೆ, 18ರವು ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ, 19ರವು ಫೋರ್ಡ್ ಕಾರು ಕಂಪನಿಗೆ. ಒಂದೊಂದರಲ್ಲೂ 1 ಕೋಟಿ 67 ಲಕ್ಷ ವಿಳಾಸ! ತಡವಾಗಿ ಬಂದ ಬಡ ದೇಶಗಳಿಗೆ ಉಳಿದದ್ದು ಚೂರುಪಾರು. ಇದನ್ನು ಅನ್ಯಾಯವೆನ್ನಲೇಬೇಕು, ಉದ್ದೇಶ ಕೆಟ್ಟದಿರಲಿಲ್ಲವಾದರೂ.

ವಿಳಾಸ ಸಾಲದು ಎಂಬುದು ತಿಳಿದ ಮೇಲೆ 1994ರಲ್ಲಿ ಎರಡು ಉಪಾಯ ಬಂದವು. ಮೊದಲನೆಯದು, ಯಾರ ಸೊತ್ತೂ ಅಲ್ಲದ, ಯಾರು ಬೇಕಾದರೂ ಮನೆಯೊಳಗೆ ಬಳಸಬಹುದಾದ ವಿಳಾಸಗಳನ್ನು ಐಯಾನಾ ಮೀಸಲಿಟ್ಟದ್ದು. 192.168 ಅದರಲ್ಲೊಂದು, 10ರಿಂದ ಶುರುವಾಗುವವು ಮತ್ತು 172.16ರಿಂದ 172.31ರವರೆಗಿನವು ಉಳಿದೆರಡು. ಎರಡನೆಯದು, ಒಳಗಿನ ವಿಳಾಸವನ್ನು ಗೇಟ್‌ವೇ ಅಳಿಸಿ ತನ್ನ ವಿಳಾಸ ಬರೆದು ಕಳುಹಿಸುವ ನ್ಯಾಟ್ ವಿಧಾನ. ಮೇಲೆ ಹೇಳಿದ ಮಾಸ್ಕರೇಡ್, ಅಂದರೆ ವೇಷ ಮರೆಸುವುದು, ಇದೇ. ಉತ್ತರ ಬಂದಾಗ ಯಾರಿಗೆ ಕೊಡಬೇಕೆಂದು ತಿಳಿಯಲು ಗೇಟ್‌ವೇ ಟಿಸಿಪಿಯ ಪೋರ್ಟ್ ಸಂಖ್ಯೆ ನೋಡಿ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಇಲ್ಲೊಂದು ವಿಚಿತ್ರವಿದೆ ನೋಡಿ. ಗೇಟ್‌ವೇ ಲಕೋಟೆಯೊಳಗೆ ಇಣುಕಬಾರದು, ಸಂಭಾಷಣೆಯ ನೆನಪು ಹೊರಬಾರದು ಎಂದು 1977ರಲ್ಲಿ ಪೋಸ್ಟೆಲ್ ವಾದಿಸಿದ್ದರು. ನ್ಯಾಟ್ ಮಾಡುವುದು ಅದನ್ನೇ. ಅದರಿಂದಾಗಿ ಹೊರಗಿನವರು ತಾವಾಗಿ ನಿಮ್ಮ ಒಳಗಿನ ಯಂತ್ರವನ್ನು ಕರೆಯಲಾರರು. ಆದರೂ ಈ ಅಡ್ಡದಾರಿ ಇಲ್ಲದಿದ್ದರೆ ನಮ್ಮಂಥ ದೇಶಗಳ ಕೋಟ್ಯಂತರ ಮನೆಗಳಿಗೆ ಇಂಟರ್‌ನೆಟ್ ಇಷ್ಟು ಬೇಗ ಬರುತ್ತಿರಲಿಲ್ಲ.

ಅವರ ಕೊನೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. 1995ರಲ್ಲಿ ಕಾಮ್ ಹೆಸರುಗಳಿಗೆ ಹಣ ಪಡೆಯಲು ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪನಿಗೆ ಅನುಮತಿ ಸಿಕ್ಕಿತು. ಎರಡು ವರ್ಷಕ್ಕೆ ನೂರು ಡಾಲರ್. ಅಲ್ಲಿಯವರೆಗೆ ಸ್ನೇಹದಿಂದ ನಡೆಯುತ್ತಿದ್ದ ವ್ಯವಹಾರಕ್ಕೆ ವಕೀಲರು, ವ್ಯಾಪಾರಿಗಳು, ಸರಕಾರಗಳು ಬಂದವು. ಜಗತ್ತಿನ ಹೆಸರುಗಳ ಮೂಲ ಪಟ್ಟಿ ಯಾರ ಕೈಯಲ್ಲಿರಬೇಕು ಎಂಬ ಜಗಳ ಜೋರಾಯಿತು. 1998ರ ಜನವರಿ 28ರಂದು ಪೋಸ್ಟೆಲ್ ಒಂದು ಇಮೇಲ್ ಕಳುಹಿಸಿದರು. ಮೂಲ ಪಟ್ಟಿಯನ್ನು ಆ ಕಂಪನಿಯ ಯಂತ್ರದಿಂದಲ್ಲ, ತಮ್ಮ ಯಂತ್ರದಿಂದ ಪಡೆಯಿರಿ ಎಂದು ಉಳಿದ ರೂಟ್ ಸರ್ವರ್‌ಗಳನ್ನು ನಡೆಸುತ್ತಿದ್ದವರಲ್ಲಿ ಎಂಟು ಮಂದಿಯನ್ನು ಕೇಳಿದರು. ಎಂಟೂ ಮಂದಿ ಮರುಮಾತಿಲ್ಲದೆ ಹಾಗೆಯೇ ಮಾಡಿದರು. ಬಳಕೆದಾರರಿಗೆ ಏನೂ ಗೊತ್ತಾಗಲಿಲ್ಲ, ಎರಡೂ ಪಟ್ಟಿಯಲ್ಲಿದ್ದದ್ದು ಒಂದೇ. ಆದರೆ ಅಮೆರಿಕ ಸರಕಾರ ಬೆಚ್ಚಿಬಿತ್ತು. ಅಧ್ಯಕ್ಷರ ಸಲಹೆಗಾರ ಐರಾ ಮ್ಯಾಗಜೀನರ್ ಕರೆ ಮಾಡಿ ಹಿಂದಿನಂತೆ ಮಾಡಲು ಹೇಳಿದರು. ಇದೊಂದು ಪರೀಕ್ಷೆಯಾಗಿತ್ತು ಎಂದು ಪೋಸ್ಟೆಲ್ ಹೇಳಿ, ಕೆಲವೇ ದಿನಗಳಲ್ಲಿ ಮೊದಲಿನಂತೆ ಮಾಡಿದರು. ಪರೀಕ್ಷೆಯೋ ಪ್ರತಿಭಟನೆಯೋ ಎಂಬ ಚರ್ಚೆ ಇಂದಿಗೂ ಇದೆ. ಪ್ರತಿಭಟನೆಯೇ ಎಂದು ನನಗನ್ನಿಸುತ್ತದೆ. ಕಾನೂನಿನ ಅಧಿಕಾರವಿಲ್ಲದ ಒಬ್ಬನ ಮಾತಿಗೆ ಎಂಟು ಮಂದಿ ತಲೆಬಾಗಿದರಲ್ಲ, ಆ ನಂಬಿಕೆ ಇಪ್ಪತ್ತೈದು ವರ್ಷಗಳ ದುಡಿಮೆಯಿಂದ ಬಂದದ್ದು. ಅಷ್ಟು ದೊಡ್ಡ ವ್ಯವಸ್ಥೆ ಒಬ್ಬನ ಮೇಲೆ ನಿಂತಿರಬಾರದು ಎಂಬ ಎದುರುವಾದವೂ ನ್ಯಾಯವೇ.

ಆ ಹೊಣೆಯನ್ನು ಒಂದು ಸಂಸ್ಥೆಗೆ ವಹಿಸಲು ಅವರೇ ಮುಂದೆ ನಿಂತು ದುಡಿದರು. 1998ರ ಸೆಪ್ಟೆಂಬರ್ ಕೊನೆಯಲ್ಲಿ ಐಕ್ಯಾನ್ ಎಂಬ ಸಂಸ್ಥೆ ನೋಂದಣಿಯಾಯಿತು. ಅದರಲ್ಲಿ ಅವರು ತಾಂತ್ರಿಕ ಮುಖ್ಯಸ್ಥರಾಗಬೇಕಿತ್ತು. ಅಷ್ಟರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಅಕ್ಟೋಬರ್ 16ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ವಯಸ್ಸು 55. ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಮರುದಿನವೇ ಆರ್‌ಎಫ್‌ಸಿ ಮಾಲೆಯಲ್ಲಿ 2468ನೇ ಸಂಖ್ಯೆಯಾಗಿ ಪ್ರಕಟವಾಯಿತು. ಇಂಟರ್‌ನೆಟ್ ಸೊಸೈಟಿ 1999ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಆರಂಭಿಸಿತು. ಮೊದಲ ಪ್ರಶಸ್ತಿ ಅವರಿಗೇ ಸಂದಿತು.

2011ರ ಫೆಬ್ರವರಿ 3ರಂದು ಐಯಾನಾ ತನ್ನ ಬಳಿ ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿತು. ಶ್ಯಾನುಭೋಗರ ಕಡತದಲ್ಲಿ ಹಂಚಲು ಭೂಮಿ ಮುಗಿಯಿತು. 2016ರ ಅಕ್ಟೋಬರ್ 1ರಿಂದ ಆ ಕಡತದ ಮೇಲೆ ಅಮೆರಿಕ ಸರಕಾರಕ್ಕಿದ್ದ ಉಸ್ತುವಾರಿಯೂ ಕೊನೆಗೊಂಡಿತು. 192.168ರ ಸಾಲು ಮಾತ್ರ ಅದರಲ್ಲಿ ಹಾಗೆಯೇ ಇದೆ. ಅದನ್ನು ನಿಮ್ಮ ಎರಡನೆಯ ಕಂಪ್ಯೂಟರ್‌ಗೆ ಬಳಸಲು ನೀವು ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ.